ವಾಚನಾಲಯದ ಕುರ್ಚಿಗಳು

ಫೆಬ್ರವರಿ ೧೧

ಅಕ್ಕಾ,

ಈ ಕಾಗದ ಓದಿದ ಮೇಲೆ ಹರಿದು ಹಾಕು. ಗಾಬರಿಯಾಗಬೇಡ, ಕೆಟ್ಟ ಸುದ್ದಿ ಏನಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ಮಾತಾಡುವುದು ಅಂಗಡಿಯ ಫೋನಿನಲ್ಲಿ. ಸಾಮಾನು ಕೊಳ್ಳಲು ಬಂದವರು ಸಾಮಾನು ಮರೆತು ನಮ್ಮ ಮಾತು ಕೇಳುತ್ತ ನಿಂತಿರುತ್ತಾರೆ.

ಮುಂದಿನ ತಿಂಗಳ ಮೊದಲ ವಾರ ನಮ್ಮ ಸಾರಿಗೆ ಇಲಾಖೆಯಿಂದ ಇಬ್ಬರು ನಿಮ್ಮ ಬೀದಿಗೆ ಬರುತ್ತಾರೆ. ಸರಕಾರ ನಷ್ಟ ತುಂಬಿಕೊಟ್ಟು ಓಡಿಸುತ್ತಿರುವ ಬಸ್ಸುಗಳಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಈ ವರ್ಷ ತೀರ್ಮಾನವಾಗುತ್ತದೆ. ಸೇತುವೆ ದಾಟಿ ಆಸ್ಪತ್ರೆಗೆ ಹೋಗುವ ನಿಮ್ಮ ಬೆಳಗಿನ ಬಸ್ಸೂ ಅದರಲ್ಲಿ ಸೇರಿದೆ. ಬಂದವರು ಮನೆಗಳನ್ನು ನೋಡುತ್ತಾರೆ, ಒಳಗೂ ಬರುತ್ತಾರೆ, ಕೂತು ಮಾತಾಡುತ್ತಾರೆ. ಅವರು ಬರೆದುಕೊಂಡು ಹೋದದ್ದರ ಮೇಲೆ ಎಲ್ಲವೂ ನಿಂತಿದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಸಿದ್ಧವಾಗಿರಿ.

ಇದಕ್ಕಿಂತ ಹೆಚ್ಚು ಬರೆಯುವಂತಿಲ್ಲ. ಹುಟ್ಟಿದೂರಿನ ಕಡತವನ್ನು ನಾವು ಮುಟ್ಟಬಾರದು, ಅದರ ಬಗ್ಗೆ ಊರಿನವರ ಹತ್ತಿರ ಬಾಯಿ ಬಿಡಲೂ ಬಾರದು ಎಂದು ಸಹಿ ಹಾಕಿಸಿಕೊಂಡಿದ್ದಾರೆ. ಇಷ್ಟು ಬರೆದದ್ದೇ ತಪ್ಪು. ನೀನು ಜಾಣೆ. ಬರೆಯದೆ ಬಿಟ್ಟದ್ದು ನಿನಗೆ ಹೊಳೆಯುತ್ತದೆ.

ಅಮ್ಮನ ಕೆಮ್ಮು ಹೇಗಿದೆ?

ನಿನ್ನ ತಮ್ಮ


ಮಾರ್ಚ್ ೯

ಸರಕಾರಿ ತಮ್ಮನಿಗೆ,

ಹರಿದು ಹಾಕು ಎಂದೆಯಲ್ಲ, ಹಾಕಿದೆ. ಅದಕ್ಕೆ ಮೊದಲು ಅಮ್ಮನಿಗೆ ಎರಡು ಸಲ, ಮೂಲೆಮನೆ ಚಿಕ್ಕಮ್ಮನಿಗೆ ಒಂದು ಸಲ ಓದಿ ಹೇಳಿದೆ. ಚಿಕ್ಕಮ್ಮನ ಕಿವಿಗೆ ಬಿದ್ದ ಮೇಲೆ ಬೀದಿಗೆ ಬೇರೆಯಾಗಿ ಹೇಳುವ ಕೆಲಸ ನನಗೆ ಉಳಿಯಲಿಲ್ಲ. ಬೈಯಬೇಡ, ನಿನ್ನ ಹೆಸರು ಎಲ್ಲೂ ಎತ್ತಿಲ್ಲ. ಆಸ್ಪತ್ರೆಯಲ್ಲಿ ಕೇಳಿದೆ ಎಂದಿದ್ದೇನೆ. ಯಾರೂ ನಂಬಲಿಲ್ಲ, ಆದರೆ ಎಲ್ಲರೂ ನಂಬಿದ ಹಾಗೆ ನಡೆದುಕೊಂಡರು.

ನೀನು ಹೇಳದೆ ಬಿಟ್ಟದ್ದು ನನಗೆ ಕೂಡಲೇ ಹೊಳೆಯಿತು. ನಾನೇನು ತಪಾಸಣೆ ಕಾಣದವಳೇ? ಆಸ್ಪತ್ರೆಯ ನಮ್ಮ ಬಟ್ಟೆ ಒಗೆಯುವ ವಿಭಾಗಕ್ಕೆ ಮೇಲಿನವರು ಬರುತ್ತಾರೆಂದರೆ ಹರಿದ ಹಾಸುಬಟ್ಟೆಗಳನ್ನೆಲ್ಲ ಕಪಾಟಿನ ಹಿಂದಕ್ಕೆ ತಳ್ಳಿ, ಇದ್ದುದರಲ್ಲಿ ಬೆಳ್ಳಗಿರುವುದನ್ನು ಇಸ್ತ್ರಿ ಹೊಡೆದು ಮುಂದಕ್ಕೆ ಜೋಡಿಸುತ್ತೇವೆ. ಹಾಗೆ ಮಾಡದ ವಿಭಾಗಕ್ಕೆ ಮಾರನೆಯ ವರ್ಷ ಸೋಪೂ ಸಿಗುವುದಿಲ್ಲ. ಕೊಳಕು ಬೀದಿಗೆ ಬಸ್ಸು ದಂಡ ಎಂದು ಅವರಿಗೆ ಅನ್ನಿಸಬಾರದಲ್ಲ.

ಆಸ್ಪತ್ರೆಯ ಹೊರಗೋಡೆಗೆ ಬಳಿದು ಉಳಿದ ಹಸಿರು ಬಣ್ಣವನ್ನು ಗುತ್ತಿಗೆದಾರನನ್ನು ಕಾಡಿ ಬೇಡಿ ತಂದೆವು. ಮನೆಗಳ ಮುಂಗೋಡೆಗಷ್ಟೇ ಸಾಕಾಯಿತು. ಬೀದಿ ಈಗ ಆಸ್ಪತ್ರೆಯ ಹತ್ತನೇ ವಾರ್ಡಿನ ಹಾಗೆ ಕಾಣುತ್ತದೆ, ಆದರೆ ಚೊಕ್ಕವಾಗಿದೆ. ಕುರ್ಚಿಗಳದ್ದೇ ಚಿಂತೆ ಇತ್ತು. ಹೋದ ವರ್ಷ ನಮ್ಮ ವಾಚನಾಲಯಕ್ಕೆ ಸರಕಾರ ದುಡ್ಡು ನಿಲ್ಲಿಸಿ ಬೀಗ ಹಾಕಿದಾಗ, ಹೊರುವ ಶಕ್ತಿ ಇದ್ದವರು ಕುರ್ಚಿ ಒಯ್ಯಬಹುದು ಎಂದಿದ್ದರಲ್ಲ, ಅವು ಮನೆಮನೆಯಲ್ಲಿ ಒಗೆದ ಬಟ್ಟೆಯ ಗುಡ್ಡೆ ಹೊತ್ತುಕೊಂಡು ಬಿದ್ದಿದ್ದವು. ಬಡಗಿ ಮಾವ ಮುರಿದ ಕಾಲು ಸರಿಮಾಡಿ, ಉಜ್ಜಿ, ಎಣ್ಣೆ ಹಚ್ಚಿ ಹೊಳೆಯುವಂತೆ ಮಾಡಿದ. ಬೆನ್ನಿಗೆ ಬರೆದ ವಾಚನಾಲಯದ ನಂಬರು ಕಾಣದಂತೆ ಗೋಡೆಗೆ ಒರಗಿಸಿ ಇಟ್ಟೆವು.

ಬಂದವರು ಇಬ್ಬರು. ಒಬ್ಬರು ಕೇಳುತ್ತಿದ್ದರು, ಇನ್ನೊಬ್ಬರು ಫೋಟೋ ಹಿಡಿಯುತ್ತಿದ್ದರು. ಅಮ್ಮ ಬಾಗಿಲಲ್ಲೇ ಕಾದಿದ್ದಳು. "ಬನ್ನಿ ಬನ್ನಿ, ಒಳಗೆ ಕೂತ್ಕೊಳ್ಳಿ," ಎಂದು ಎರಡು ಕುರ್ಚಿ ಎಳೆದಳು. "ತೊಂದರೆ ಏನಾದ್ರೂ ಇದೆಯಾ ಅಮ್ಮಾ?" ಎಂದು ಅವರು ಕೇಳಿದರೆ, "ಅಯ್ಯೋ, ನಮಗೇನೂ ಕೊರತೆ ಇಲ್ಲಪ್ಪ, ನೀವು ಬಂದಿದ್ದೇ ಸಂತೋಷ," ಎಂದಳು. ಪ್ರತಿ ಮನೆಯಲ್ಲೂ ಹಾಗೇ. ಹೋಗುವಾಗ ಆ ಕೇಳುವವರು, "ಇಷ್ಟು ಅಚ್ಚುಕಟ್ಟಾದ ಬೀದಿ ನಾವು ನೋಡೇ ಇಲ್ಲ," ಎಂದರು. ಅಮ್ಮ ಆ ಮಾತನ್ನು ಇವತ್ತಿಗೂ ಮೆಲುಕು ಹಾಕುತ್ತಿದ್ದಾಳೆ.

ನಿನ್ನ ಮಾನ ಉಳಿಸಿದ್ದೇವೆ. ಬಸ್ಸು ಇನ್ನು ನಮ್ಮದೇ.

ಅಕ್ಕ


ಮಾರ್ಚ್ ೧೮

ಅಕ್ಕಾ,

ನಿನ್ನ ಕಾಗದ ಬಂತು. ಬಣ್ಣ ಯಾಕೆ ಹಚ್ಚಿದಿರಿ? ಎಲ್ಲ ಮನೆಗೂ ಹಚ್ಚಿದಿರಾ? ಕುರ್ಚಿಗಳ ಫೋಟೋ ಹಿಡಿದರಾ, ಇಲ್ಲ ಬರೀ ಗೋಡೆಯದ್ದಾ? ಅಮ್ಮ ಆ ಮಾತು ಹೇಳಿದಾಗ ಅವರು ಬರೆದುಕೊಂಡರಾ?

ಸುಮ್ಮನೆ ಕೇಳುತ್ತಿದ್ದೇನೆ. ನೀನು ತಲೆ ಕೆಡಿಸಿಕೊಳ್ಳಬೇಡ. ಇಲ್ಲಿ ಕೆಲಸ ಬಹಳ, ಒಂದಷ್ಟು ದಿನ ಬರೆಯಲಾಗುವುದಿಲ್ಲ.

ತಮ್ಮ


ಏಪ್ರಿಲ್ ೨೦

ತಮ್ಮಾ,

ನಿನ್ನ ಹೋದ ಕಾಗದ ಓದಿ ನನಗೆ ಸಿಟ್ಟು ಬಂದಿತ್ತು. ನಾವು ಇಷ್ಟು ಕಷ್ಟಪಟ್ಟರೆ ಒಂದು ಒಳ್ಳೆ ಮಾತಿಲ್ಲ, ಪೊಲೀಸರ ಹಾಗೆ ಪ್ರಶ್ನೆ ಕೇಳುತ್ತಾನೆ, ರಾಜಧಾನಿಗೆ ಹೋದ ಮೇಲೆ ಇವನಿಗೆ ಹಸಿರು ಗೋಡೆ ಸಣ್ಣದಾಗಿ ಕಾಣುತ್ತದೆ ಎಂದುಕೊಂಡೆ. ಅದಕ್ಕೇ ಉತ್ತರ ಬರೆಯಲಿಲ್ಲ.

ಈಗ ಬಸ್ ನಿಲ್ದಾಣದ ಕಂಬಕ್ಕೆ ಒಂದು ನೋಟೀಸು ಅಂಟಿಸಿದ್ದಾರೆ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಬಸ್ಸು ಬರುವುದಿಲ್ಲ. ಈ ಬೀದಿಯ ನಿವಾಸಿಗಳು ಸ್ಥಿತಿವಂತರಾಗಿರುವುದರಿಂದ ಸರಕಾರದ ನೆರವಿನ ಅಗತ್ಯ ಇಲ್ಲವಂತೆ. ಸ್ಥಿತಿವಂತರು. ಆ ಪದವನ್ನು ಮೂಲೆಮನೆ ಚಿಕ್ಕಮ್ಮನಿಗೆ ಓದಿ ಹೇಳಿದೆ. "ಯಾರು, ನಾವಾ?" ಎಂದು ಹಿಂದೆ ತಿರುಗಿ ನೋಡಿದಳು, ಬೆನ್ನ ಹಿಂದೆ ಯಾರೋ ಸಾಹುಕಾರರು ನಿಂತಿರಬೇಕು ಎನ್ನುವ ಹಾಗೆ.

ನಮ್ಮ ಡ್ರೈವರ್ ಗೊತ್ತಲ್ಲ, ಹಾರ್ನ್ ಅಣ್ಣ, ತಡವಾದವರು ಏಳಲಿ ಎಂದು ತಿರುವಿನಲ್ಲೇ ಹಾರ್ನ್ ಬಾರಿಸಿಕೊಂಡು ಬರುವವನು. ಅವನು ಇವತ್ತು ನನ್ನ ಪಕ್ಕ ಬಂದು ಹೇಳಿದ: "ಅಕ್ಕಾವ್ರೇ, ಕಲ್ಲುಕ್ವಾರಿ ಹತ್ರದ ಬೀದಿಗೆ ಬಸ್ಸು ಉಳೀತು. ಅವ್ರು ಬಂದೋರ್ನ ಚಾಪೆ ಮೇಲೆ ಕೂರ್ಸಿದ್ರಂತೆ. ನೀವ್ಯಾಕೆ ಅಷ್ಟೊಂದು ಶೃಂಗಾರ ಮಾಡೋಕೆ ಹೋದ್ರಿ?"

ನಿಜವೇ? ನೀನು ಹೇಳು. ನಮ್ಮ ಬೀದಿಯಿಂದ ಹತ್ತು ಹನ್ನೆರಡು ಹೆಂಗಸರು ಆ ಬಸ್ಸಿಗೆ ಆಸ್ಪತ್ರೆಗೆ ಹೋಗುತ್ತೇವೆ. ಬೆಳಗಿನ ಪಾಳಿಗೆ ಗೇಟು ಮುಚ್ಚಿದರೆ ಆ ದಿನ ಹೋಯಿತು, ನಾಲ್ಕಾರು ಸಲ ಹಾಗಾದರೆ ಹೆಸರು ಹೋಯಿತು. ನಡೆದು ಹೋಗೋಣವೆಂದರೆ ಸೇತುವೆಯ ಮೇಲೆ ನಡೆಯುವವರಿಗೆ ಜಾಗವೇ ಇಲ್ಲ, ಲಾರಿ ಬಂದರೆ ಕಟಕಟೆಗೆ ಅಂಟಿಕೊಂಡು ನಿಲ್ಲಬೇಕು. ಮನೆ ಮಾರಿ ಪೇಟೆಗೆ ಹೋಗೋಣವೆಂದರೆ ಬಸ್ಸಿಲ್ಲದ ಬೀದಿಯ ಮನೆಯನ್ನು ಯಾರು ಕೊಳ್ಳುತ್ತಾರೆ? ಯಾವ ಕಡೆ ತಿರುಗಿದರೂ ಗೋಡೆ, ಅದಕ್ಕೂ ನಾವೇ ಹಸಿರು ಬಣ್ಣ ಹಚ್ಚಿದ್ದೇವೆ.

ಬಣ್ಣ ಹಚ್ಚಿ ಎಂದವಳು ನಾನು. ಬೀದಿಯಲ್ಲಿ ಯಾರೂ ಇನ್ನೂ ಆ ಮಾತು ಆಡಿಲ್ಲ. ಎಲ್ಲರೂ ಆಡದೆ ಸುಮ್ಮನಿರುವುದು ನನಗೆ ಕೇಳಿಸುತ್ತಿದೆ.

ಅಕ್ಕ


ಏಪ್ರಿಲ್ ೨೯

ಅಕ್ಕಾ,

ನಿಜ. ಬಂದವರು ಪ್ರತಿ ಮನೆಗೂ ಅಂಕ ಹಾಕುತ್ತಾರೆ. ಗೋಡೆ ಹೇಗಿದೆ, ಸೂರು ಹೇಗಿದೆ, ಮನೆಯವರು ಏನೆನ್ನುತ್ತಾರೆ. ಅಂಕ ಹೆಚ್ಚಾದಷ್ಟೂ ಸ್ಥಿತಿವಂತರು. ಇರುವ ದುಡ್ಡಿನಲ್ಲಿ ಎಲ್ಲ ಬಸ್ಸೂ ಓಡಿಸಲಾಗದು, ಆದ್ದರಿಂದ ತೀರಾ ಇಲ್ಲದವರಿಗೆ ಮೊದಲು ಎನ್ನುವುದು ನಿಯಮ. ಕೇಳಿದರೆ ನ್ಯಾಯವೇ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ನಿಮ್ಮ ಬೀದಿ ಗೆರೆಯ ಮೇಲೆ ಬಂದದ್ದು ತೀರಾ ಸ್ವಲ್ಪದರಲ್ಲಿ. ಗೆರೆ ದಾಟಿಸಿದ್ದು ಕುರ್ಚಿ.

ಆ ಕುರ್ಚಿಯ ಪ್ರಶ್ನೆ ನನ್ನದು, ಅಕ್ಕ. ಪ್ರಶ್ನೆಗಳನ್ನು ಬರೆಯುವಾಗ ನಮ್ಮ ಮೇಲಧಿಕಾರಿ, ಬಡತನ ಕಣ್ಣಿಗೆ ಕಾಣುವಂಥ ಒಂದು ಗುರುತು ಹೇಳಿ ಎಂದು ಎಲ್ಲರನ್ನೂ ಕೇಳಿದರು. ಒಬ್ಬರು ಒಲೆ ಎಂದರು, ಒಬ್ಬರು ಪಾತ್ರೆ ಎಂದರು. ನನಗೆ ನೆನಪಾದದ್ದು ನನ್ನನ್ನು ಮುಂದಕ್ಕೆ ಓದಿಸಿ ಎಂದು ಹೇಳಲು ಮೇಷ್ಟ್ರು ಮನೆಗೆ ಬಂದ ದಿನ. ಕೂರಿಸಲು ಏನೂ ಇರಲಿಲ್ಲ, ಅಮ್ಮ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂರಿಸಿದಳು. ಅದು ಒದ್ದೆ ಇತ್ತು. ಎದ್ದಾಗ ಮೇಷ್ಟ್ರ ಪ್ಯಾಂಟಿನ ಹಿಂದೆ ದುಂಡನೆಯ ಕಲೆ. ಅವರು ಗೊತ್ತಾಗದವರ ಹಾಗೆ ಹೋದರು, ಅಮ್ಮ ಮಾತ್ರ ಆ ಸಂಜೆಯೆಲ್ಲ ಯಾರ ಮುಖವನ್ನೂ ನೋಡಲಿಲ್ಲ. ಬಂದವರನ್ನು ಕೂರಿಸಲು ಕುರ್ಚಿ ಇಲ್ಲದ ಮನೆಯೇ ಬಡವರ ಮನೆ ಎಂದೆ. ಎಲ್ಲರೂ ಮೆಚ್ಚಿದರು. ನಿಮ್ಮನ್ನೇ ನೆನೆದು ಹೇಳಿದ ಮಾತು ನಿಮ್ಮನ್ನೇ ಹಿಡಿದು ಹಾಕುತ್ತದೆ ಎಂದು ನನಗೆ ತಿಳಿಯಲಿಲ್ಲ.

ಒಂದೇ ಒಂದು ದಾರಿ ಇದೆ. ಬೀದಿಯವರೆಲ್ಲ ಸಹಿ ಹಾಕಿ ಮರುಪರಿಶೀಲನೆಗೆ ಅರ್ಜಿ ಕೊಡಬಹುದು. ಅದು ಒಂದು ಸಲ ಮಾತ್ರ, ಆಮೇಲೆ ಮೂರು ವರ್ಷ ಬಾಗಿಲು ಮುಚ್ಚುತ್ತದೆ. ಬೇರೆಯವರು ಬಂದು ಹೊಸದಾಗಿ ನೋಡುತ್ತಾರೆ. ಈ ಸಲ ಬಿಡಿಸಿ ಬರೆಯುತ್ತೇನೆ, ಆದದ್ದಾಗಲಿ. ಬಣ್ಣ ಕೆರೆದು ಹಾಕಿ. ಕುರ್ಚಿಗಳನ್ನು ಮನೆಯಲ್ಲಿ ಇಡಬೇಡಿ. ತೊಂದರೆ ಇದೆಯಾ ಎಂದು ಕೇಳಿದರೆ ಇದೆ ಎನ್ನಿ. ಅಮ್ಮನಿಗೆ ಹೇಳಿಕೊಡು. ನಾನು ಮೊದಲೇ ತಿಳಿಸಿದ್ದೆ ಎಂದು ಗೊತ್ತಾದರೆ ಅರ್ಜಿಯೇ ರದ್ದಾಗುತ್ತದೆ, ಅದಕ್ಕೇ ನನ್ನ ಹೆಸರು ಬೇಡ. ನನ್ನ ಕೆಲಸ ಉಳಿಸಿಕೊಳ್ಳುವ ಮಾತಲ್ಲ ಇದು.

ತಮ್ಮ


ಜೂನ್ ೩

ತಮ್ಮಾ,

ಒಂದು ತಿಂಗಳು ನಿನಗೆ ಬರೆಯಲಿಲ್ಲ. ಸಿಟ್ಟು ಇತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ. ಆ ಬಕೆಟ್ಟಿನ ಕಥೆ ಓದಿ ಮೊದಲು ಅತ್ತೆ, ಆಮೇಲೆ ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದೆ, ಆಮೇಲೆ ಮತ್ತೆ ಓದಿದೆ. ಈಗ ಹೊಟ್ಟೆಗೆ ಹಾಕಿಕೊಂಡಿದ್ದೇನೆ. ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ನಾನು ಯಾರ ಹತ್ತಿರ ಮಾತಾಡಲಿ?

ಅರ್ಜಿ ಕೊಟ್ಟಿದ್ದೇವೆ. ಬಣ್ಣ ಕೆರೆಯುವುದು ಹಚ್ಚುವುದಕ್ಕಿಂತ ಕಷ್ಟ ಎಂದು ನಿನ್ನ ಇಲಾಖೆಯವರಿಗೆ ತಿಳಿಸು. ಬಡಗಿ ಮಾವ ಒಂದೊಂದೇ ಮನೆ ಕೆರೆಯುತ್ತಾ, "ನನ್ ಜೀವನದಲ್ಲಿ ಕೆಲಸ ಕೆಡ್ಸೋ ಕೆಲಸ ಇದೇ ಮೊದಲು," ಎನ್ನುತ್ತಾನೆ. ಕುರ್ಚಿಗಳನ್ನು ಬೀದಿಯ ಕೊನೆಯ ಹಳೇ ಶೆಡ್ಡಿನಲ್ಲಿ ಒಂದರ ಮೇಲೊಂದು ಪೇರಿಸಿ ತಗಡು ಮುಚ್ಚಿದ್ದೇವೆ. ನಮ್ಮದೇ ಸಾಮಾನನ್ನು ಕದ್ದ ಮಾಲಿನ ಹಾಗೆ ಬಚ್ಚಿಟ್ಟೆವು.

ಸಂಜೆ ಹೊತ್ತು ಬಡತನದ ತಾಲೀಮು ನಡೆಯುತ್ತದೆ. ಮೂಲೆಮನೆ ಚಿಕ್ಕಮ್ಮ ಅಧಿಕಾರಿಯಾಗುತ್ತಾಳೆ, ನಾವು ಒಬ್ಬೊಬ್ಬರಾಗಿ ಕಷ್ಟ ಹೇಳುತ್ತೇವೆ. ಇರುವ ಕಷ್ಟ ಹೇಳಿಕೊಳ್ಳಲು ಇಷ್ಟು ನಾಚಿಕೆ ಆಗುತ್ತದೆಂದು ನನಗೆ ಗೊತ್ತಿರಲಿಲ್ಲ. ಅಮ್ಮ ಮೊದಲ ದಿನ ಎದ್ದು ಹೋದಳು. "ಕಂಡೋರ ಮುಂದೆ ಇಲ್ಲ ಇಲ್ಲ ಅನ್ನೋಕೆ ನಾನೇನು ಭಿಕ್ಷೆಗೆ ನಿಂತಿದೀನಾ?" ಎಂದಳು. ಆಮೇಲೆ ನಿನ್ನ ಹೆಸರು ಹೇಳಿದೆ. ನಿನಗೋಸ್ಕರ ಒಪ್ಪಿದ್ದಾಳೆ. ಈಗ ಗಿಳಿಯ ಹಾಗೆ ಒಪ್ಪಿಸುತ್ತಾಳೆ: ಬಸ್ಸಿಲ್ಲದೆ ಬಹಳ ತೊಂದರೆ ಸ್ವಾಮಿ.

ನಾನು ನಡೆದು ಹೋಗುತ್ತಿದ್ದೇನೆ, ರೂಢಿಯಾಗಿದೆ. ಕೆಲಸದ್ದೇನೂ ತೊಂದರೆ ಇಲ್ಲ.

ಅಕ್ಕ


ಜೂನ್ ೧೭

ಅಕ್ಕಾ,

ನಿನ್ನೆ ಆಸ್ಪತ್ರೆಗೆ ಫೋನ್ ಮಾಡಿದ್ದೆ. ನಿನ್ನನ್ನು ಕರೆಯಿರಿ ಎಂದರೆ ನಿಮ್ಮ ವಿಭಾಗದ ಮೇಡಂ, ಬೆಳಗಿನ ಪಾಳಿಯಲ್ಲಿ ಆ ಹೆಸರಿನವರು ಈಗ ಇಲ್ಲ ಎಂದರು. ಹೋದ ತಿಂಗಳೇ ನಿನ್ನ ಹೆಸರು ತೆಗೆದು, ಮಧ್ಯಾಹ್ನ ರಕ್ತದ ಬಟ್ಟೆ ಬೇರ್ಪಡಿಸುವ ಕಡೆ ದಿನಗೂಲಿಗೆ ಹಾಕಿದ್ದಾರಂತೆ. ನಿನ್ನ ಮೊಣಕಾಲು ಊದಿಕೊಂಡಿದೆ ಎಂದೂ ಅವರೇ ಹೇಳಿದರು. "ನಿಮಗೆ ಗೊತ್ತಿರಲಿಲ್ವಾ?" ಎಂದು ಕೇಳಿದರು.

ನೀನೂ ಅಮ್ಮನ ಹಾಗೇ ಆದೆ. ನನ್ನ ಮುಂದೆಯೂ ಕೊರತೆ ಇಲ್ಲ ಎನ್ನುತ್ತೀಯ.

ಮೇಲಧಿಕಾರಿಯ ಮುಂದೆ ಹೋಗಿ ಎಲ್ಲ ಹೇಳಿಬಿಡೋಣವೆಂದು ಅವರ ಕೋಣೆಯ ಬಾಗಿಲವರೆಗೆ ಹೋಗಿದ್ದೆ. ಹೇಳಿದರೆ ನಿಮ್ಮ ಅರ್ಜಿ ಸಾಯುತ್ತದೆ. ಹೇಳದಿದ್ದರೆ ನನ್ನ ಪ್ರಶ್ನೆ ಬೇರೆ ಬೀದಿಗಳಿಗೂ ಹೋಗುತ್ತಿರುತ್ತದೆ, ಇವತ್ತು ಬೆಳಿಗ್ಗೆಯೂ ಹೋಯಿತು. ಬಾಗಿಲ ಹಿಡಿ ಮುಟ್ಟಿ ವಾಪಸ್ ಬಂದೆ. ನೀವಿಬ್ಬರೂ ಇಲ್ಲಿಗೆ ಬಂದುಬಿಡಿ. ನನ್ನದು ಒಂದೇ ಕೋಣೆ, ಹೇಗೋ ಹೊಂದಿಕೊಳ್ಳೋಣ.

ಮರುಪರಿಶೀಲನೆಗೆ ಮುಂದಿನ ತಿಂಗಳ ಮೊದಲಲ್ಲಿ ಬರುತ್ತಾರೆ. ಯಾರು ಬರುತ್ತಾರೆಂದು ನನಗೂ ತಿಳಿಸಿಲ್ಲ. ಅಮ್ಮನನ್ನು ಅವತ್ತು ಒಳಗೆ ಮಲಗಿಸಿಬಿಡು, ಮೈ ಸರಿ ಇಲ್ಲ ಎನ್ನು.

ತಮ್ಮ


ಜುಲೈ ೨೬

ತಮ್ಮಾ,

ನಿನ್ನಿಂದ ಕಾಗದವಿಲ್ಲ. ಫಲಿತಾಂಶ ನಿನಗೆ ನನಗಿಂತ ಮೊದಲೇ ಗೊತ್ತಾಗಿತ್ತು, ಅದಕ್ಕೇ ನೀನು ಬರೆಯಲಿಲ್ಲ. ನನಗೆ ಅರ್ಥವಾಗುತ್ತದೆ. ಆದರೆ ಮರುಪರಿಶೀಲನೆಯ ದಿನ ನಡೆದದ್ದು ನಿಮ್ಮ ಕಡತದಲ್ಲಿ ಇರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಬಂದದ್ದು ಒಬ್ಬಳೇ ಹುಡುಗಿ, ನಿನಗಿಂತ ಚಿಕ್ಕವಳು. ಬಸ್ಸಿಲ್ಲವಲ್ಲ, ಸೇತುವೆಯ ಆ ಕಡೆಯಿಂದ ನಡೆದೇ ಬಂದಿದ್ದಳು. ಹೊಸ ಚಪ್ಪಲಿ, ಹಿಮ್ಮಡಿ ಸುಲಿದು ರಕ್ತ ಬರುತ್ತಿತ್ತು. ಲಾರಿಯ ಧೂಳಿಗೆ ಮುಖ ಬೂದಿಯಾಗಿತ್ತು. ನಮ್ಮ ತಾಲೀಮು ಚೆನ್ನಾಗಿಯೇ ನಡೆಯಿತು. ಗೋಡೆ ನೋಡಿದಳು, ಸೂರು ನೋಡಿದಳು, ಪ್ರತಿ ಮನೆಯಲ್ಲೂ ನಿಂತುಕೊಂಡೇ ಬರೆದಳು. ಮೂಲೆಮನೆ ಚಿಕ್ಕಮ್ಮ ಅತ್ತಳು ಕೂಡ, ಅದು ತಾಲೀಮಿನಲ್ಲಿ ಇರಲಿಲ್ಲ.

ನಮ್ಮ ಮನೆ ಕೊನೆಯದು. ಅಮ್ಮನನ್ನು ಒಳಕೋಣೆಯಲ್ಲಿ ಮಲಗಿಸಿದ್ದೆ. ಹುಡುಗಿ ಗೋಡೆಗೆ ಕೈಕೊಟ್ಟು ಒಂದೇ ಕಾಲಿನ ಮೇಲೆ ನಿಂತು, "ಒಂಚೂರು ನೀರು ಕೊಡ್ತೀರಾ?" ಎಂದಳು. ನಾನು ನೀರು ತರುವಷ್ಟರಲ್ಲಿ ಅಮ್ಮ ಎದ್ದು ಬಾಗಿಲಿಗೆ ಬಂದಿದ್ದಾಳೆ. ಹುಡುಗಿಯ ಕಾಲು ನೋಡಿದಳು. ಆಮೇಲೆ ಮನೆಯೊಳಗೆ ಸುತ್ತ ನೋಡಿದಳು. ಮೂಲೆಯಲ್ಲಿ ಬಕೆಟ್ಟು ಇತ್ತು. ಅದನ್ನು ಅವಳು ನೋಡಿದ್ದನ್ನು ನಾನು ನೋಡಿದೆ.

"ಯಾಕಮ್ಮ ನಿಂತಿದೀಯ? ಇರು, ಬಂದೆ," ಎಂದು ಅಮ್ಮ ಹೊರಟೇಬಿಟ್ಟಳು. ನಾನು ತೋಳು ಹಿಡಿದೆ, ಕೊಡವಿಕೊಂಡಳು. ಕೆಮ್ಮುತ್ತ ಬೀದಿಯ ಕೊನೆಯವರೆಗೆ ಹೋದಳು. ಇಡೀ ಬೀದಿ ಬಾಗಿಲಲ್ಲಿ ನಿಂತು ನೋಡುತ್ತಿದೆ. ತಗಡು ಬಿದ್ದ ಸದ್ದು ಕೇಳಿತು. ಒಂದು ಕುರ್ಚಿ ಎಳೆದುಕೊಂಡು ಬಂದಳು, ಸೆರಗಿನಲ್ಲಿ ಧೂಳು ಒರೆಸಿ ಇಟ್ಟಳು. "ಕೂತ್ಕೋ ಮಗಳೇ. ಕಾಲು ನೋಡು ಏನಾಗಿದೆ. ಇಷ್ಟು ದೂರ ನಡೆದು ಬಂದಿದೀಯ, ನೆಲದ ಮೇಲೆ ಕೂರಿಸ್ತಾರಾ ಯಾರಾದ್ರೂ?"

ಹುಡುಗಿ ಕೂತಳು. ಅಮ್ಮ ನೀರು ಹಾಕಿ ಅವಳ ಹಿಮ್ಮಡಿ ತೊಳೆದಳು, ಬಟ್ಟೆ ಹರಿದು ಕಟ್ಟಿದಳು. ಆಮೇಲೆ ಹುಡುಗಿ ಮೆಲ್ಲಗೆ, "ಇದನ್ನ ಎಲ್ಲಿಂದ ತಂದ್ರಿ ಅಜ್ಜಿ?" ಎಂದಳು. "ಶೆಡ್ಡಲ್ಲಿವೆ, ಇನ್ನೂ ಬೇಕಾದಷ್ಟು ಇವೆ. ಕುರ್ಚಿಗೇನೂ ಕೊರತೆ ಇಲ್ಲ," ಎಂದಳು ನಮ್ಮಮ್ಮ.

ಅವಳು ಕುಂಟಿಕೊಂಡು ಹೋಗಿ ನೋಡಿದಳು. ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕೂತು ಹಾಳೆಗಳನ್ನು ಕೈಗೆತ್ತಿಕೊಂಡಳು. ನಾನು ನಾಚಿಕೆ ಬಿಟ್ಟು ಕೇಳಿಕೊಂಡೆ: "ನಿಮ್ಮ ಕಾಲು ನೋಡ್ಕೊಳ್ಳಿ ಮೇಡಂ. ಒಂದು ಸಲ ನಡೆದದ್ದಕ್ಕೆ ಹೀಗಾಗಿದೆ. ಅದನ್ನೇ ಬರೀರಿ, ಬೇರೆ ಏನೂ ಬೇಡ." ಅವಳು ಕೈಯಲ್ಲಿದ್ದ ಹಾಳೆಗಳನ್ನು ಮೇಲಿಂದ ಕೆಳಗೆ ತಿರುವಿದಳು, ಸುಳ್ಳಿಗಲ್ಲ, ನಿಜವಾಗಿಯೂ ಹುಡುಕಿದಳು. "ಬರೆಯೋಕೆ ಇದರಲ್ಲಿ ಜಾಗ ಇಲ್ಲ ಅಕ್ಕ," ಎಂದಳು. ಅವಳ ಕಣ್ಣು ತುಂಬಿತ್ತು. ಕುರ್ಚಿಗೆ ಜಾಗ ಇತ್ತು, ಅದನ್ನು ಬರೆದಳು. ಬಚ್ಚಿಟ್ಟಿದ್ದರು ಎಂದು ಮಾತ್ರ ಬರೆಯಲಿಲ್ಲ, ಅಷ್ಟು ಉಪಕಾರ ಮಾಡಿದಳು.

ಅವಳು ಹೋದ ಮೇಲೆ ನಾನು ಅಮ್ಮನ ಮೇಲೆ ಕೂಗಾಡಿದೆ. ಜನ್ಮದಲ್ಲಿ ಆಡದ ಮಾತು ಆಡಿದೆ. ಅಮ್ಮ ಎಲ್ಲ ಕೇಳಿಸಿಕೊಂಡು, "ಒಬ್ಬರನ್ನ ಬಕೆಟ್ ಮೇಲೆ ಕೂರಿಸಿದ್ದು ಸಾಕು," ಎಂದಳು. ನಿನ್ನ ಕಾಗದದಲ್ಲಿದ್ದ ಆ ಕಥೆಯನ್ನು ನಾನು ಅವಳಿಗೆ ಓದಿ ಹೇಳಿರಲೇ ಇಲ್ಲ.

ಉತ್ತರ ಮೊನ್ನೆ ಬಂತು. ಇನ್ನು ಮೂರು ವರ್ಷ ಯಾರೂ ನೋಡಲು ಬರುವುದಿಲ್ಲ. ನಿನ್ನ ಕೋಣೆಗೆ ನಾವು ಬರುವುದಿಲ್ಲ, ಕೇಳಬೇಡ. ನನ್ನ ಮಾತು ಕೇಳಿ ಗೋಡೆಗೆ ಬಣ್ಣ ಹಚ್ಚಿ, ನನ್ನ ಮಾತು ಕೇಳಿ ಕೆರೆದವರು ಇಲ್ಲಿದ್ದಾರೆ. ಅವರು ಸೇತುವೆಯ ಮೇಲೆ ಲಾರಿಗೆ ಜಾಗ ಬಿಟ್ಟುಕೊಂಡು ನಡೆಯುವಾಗ ನಾನು ರಾಜಧಾನಿಯಲ್ಲಿ ಕೂರಲಾರೆ. ನನಗೆ ಸಿಟ್ಟಿದೆ, ಭಯವೂ ಇದೆ. ಈ ಮೊಣಕಾಲು ಇನ್ನು ಎಷ್ಟು ದಿನ ಆ ಸೇತುವೆ ದಾಟುತ್ತದೋ ಗೊತ್ತಿಲ್ಲ. ನಿನ್ನ ಮುಂದಾದರೂ ಕೊರತೆ ಇಲ್ಲ ಎನ್ನುವುದನ್ನು ಬಿಟ್ಟಿದ್ದೇನೆ, ನೋಡು.

ಈಗ ನಮ್ಮ ಅರ್ಜಿ ಸತ್ತಿದೆ, ನಿನ್ನ ಬಾಯಿಗೆ ನಾವು ಅಡ್ಡ ಇಲ್ಲ. ಆ ಬಾಗಿಲ ಹಿಡಿ ಈ ಸಲ ತಿರುಗಿಸು. ಕೆಲಸ ಹೋದರೆ ಹೋಗಲಿ ಎಂದು ಸುಲಭವಾಗಿ ಹೇಳಲಾರೆ, ಹೋಗದಿರಲಿ ಎಂದೇ ಆಸೆ. ಆದರೂ ತಿರುಗಿಸು.

ಆಮೇಲೆ ಒಂದು ಸಲ ಬಂದು ಹೋಗು. ಹಳೇ ಚಪ್ಪಲಿ ಹಾಕಿಕೊಂಡು ಬಾ, ಸೇತುವೆಯಿಂದ ನಡೆಯಬೇಕು. ಕುರ್ಚಿಗಳು ಮತ್ತೆ ಮನೆಮನೆಗೆ ಬಂದಿವೆ. ನೀನು ಬಂದ ಕೂಡಲೇ ಅಮ್ಮ ಒಂದನ್ನು ಎಳೆದು ಹಾಕುತ್ತಾಳೆ. ಬೇಡ ಎನ್ನಬೇಡ, ಕೂತುಕೋ.

ಅಕ್ಕ